ಚಿತ್ರಕ್ಕೆ ಸಿಕ್ಕಿಬಿದ್ದ ಮನೆ

ಮೂವತ್ತೊಂದು ವರ್ಷ ಮಕ್ಕಳಿಗೆ ಹೂಜಿ, ಸೇಬು ಬರೆಸಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು ಆಮೇಲೆ ಹಳೆಯ ಕಟ್ಟಡಗಳ ಬೆನ್ನು ಹತ್ತಿದರು. ಅವರದು ಇದ್ದದ್ದನ್ನು ಇದ್ದ ಹಾಗೆ ಬರೆಯುವ ಕೈ. ಗೋಡೆಯ ಬಿರುಕು, ಸರಳಿನ ತುಕ್ಕು, ಹಿಂದೆ ಕತ್ತೆತ್ತಿದ ಕ್ರೇನು, ಯಾವುದನ್ನೂ ಬಿಡುತ್ತಿರಲಿಲ್ಲ. ಬೀದಿಯ ಮನೆಗಳು ಒಂದೊಂದಾಗಿ ಉರುಳಿ ಗಾಜಿನ ಅಂಗಡಿಗಳೆದ್ದವು. ಕೊನೆಗೆ ಬರೆಯಲು ಉಳಿದದ್ದು ತಾವಿದ್ದ ಮನೆಯೊಂದೇ. ಕೆಳಗೆ ಒಂಟಿಗ ಮೇಷ್ಟ್ರು, ಮೇಲೆ ಅಣ್ಣ ಅತ್ತಿಗೆ, ನಡುವೆ ಏಣಿಯಂಥ ಕಡಿದಾದ ಮರದ ಮೆಟ್ಟಿಲು.

ನಾಲ್ಕು ತಿಂಗಳು ಹಿಡಿದ ಆ ಚಿತ್ರದ ಮುಂದೆ ಪ್ರದರ್ಶನದಲ್ಲಿ ಜನ ಗುಂಪುಗಟ್ಟಿದರು. ಅಧಿಕಾರಿಯೊಬ್ಬರ ಕಣ್ಣಿಗೂ ಬಿತ್ತು. ವರ್ಷ ತುಂಬುವುದರೊಳಗೆ ಮನೆಯ ಬಾಗಿಲಿಗೆ 'ಸಂರಕ್ಷಿತ ಕಟ್ಟಡ' ಎಂಬ ಫಲಕ ಬಂತು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಇನ್ನು ಒಂದು ಮೊಳೆ ಹೊಡೆಯಲೂ ಅನುಮತಿ ಬೇಕೆಂಬುದು ಆದೇಶದ ಮೂರನೆಯ ಪುಟ ಓದಿದಾಗ ತಿಳಿಯಿತು.

ಅಷ್ಟರಲ್ಲಿ ಅಣ್ಣ ಬಿಲ್ಡರ್ ಜೊತೆ ಮಾತು ಮುಗಿಸಿದ್ದರು. ಮನೆ ಬಿಟ್ಟುಕೊಟ್ಟರೆ ಲಿಫ್ಟ್ ಇರುವ ಎರಡು ಫ್ಲ್ಯಾಟು. ಅತ್ತಿಗೆಯ ಮಂಡಿ ಸವೆದಿತ್ತು, ಅವರಿಗೆ ಲಿಫ್ಟೇ ಬೇಕಿತ್ತು. ಫಲಕ ಕಂಡ ಬಿಲ್ಡರ್ ಮತ್ತೆ ಇತ್ತ ತಲೆ ಹಾಕಲಿಲ್ಲ. ಅಣ್ಣ ತಮ್ಮನ ಜೊತೆ ಮಾತು ಬಿಟ್ಟರು. ಅತ್ತಿಗೆ ಮಾತ್ರ ಮೇಲಿಂದಲೇ ಕೂಗುತ್ತಿದ್ದರು:

"ಏನಪ್ಪಾ ಮೈದುನ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ನಿನ್ನ ಮನೆ ಉಳೀತು, ನನ್ನ ಕಾಲು ಹೋಯ್ತು."

ಎರಡು ವರ್ಷ ಆಕೆ ಬೀದಿಯ ಮುಖ ನೋಡಲಿಲ್ಲ.

ಮೆಟ್ಟಿಲನ್ನಾದರೂ ಬದಲಿಸೋಣವೆಂದು ಮೇಷ್ಟ್ರು ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಅಲ್ಲಿನ ಗುಮಾಸ್ತೆ ಕಡತ ಬಿಚ್ಚಿದಳು. ಮೊದಲ ಹಾಳೆಯಲ್ಲೇ ಅವರ ಚಿತ್ರದ ಫೋಟೊ.

"ಇದ್ರಲ್ಲಿ ಹೇಗಿದ್ಯೋ ಹಾಗೇ ಇರ್ಬೇಕು ಸಾರ್. ನೋಡಿ, ತೆರೆದ ಬಾಗಿಲಲ್ಲಿ ಮೆಟ್ಟಿಲು ಕಾಣ್ತಿದೆ. ಹನ್ನೆರಡು, ಎಣಿಸಿದೀನಿ."

"ಬರೆದವನು ನಾನೇ ಕಣಮ್ಮ."

"ಮತ್ತಿನ್ನೇನು? ನಿಮಗಿಂತ ಸಾಕ್ಷಿ ಬೇಕಾ?"

"ಅಲ್ಲಿ ತಪ್ಪು ಬರೆದಿದೀನಿ ಅಂತ ಸಹಿ ಹಾಕಿಕೊಟ್ರೆ?"

ಆಕೆ ಫೋಟೊದ ಬಿರುಕಿನ ಮೇಲೆ ಬೆರಳೆಳೆದು ನಕ್ಕಳು. "ಇಷ್ಟು ಸಣ್ಣದನ್ನೂ ಬಿಡದೋರು ತಪ್ಪು ಬರೀತೀರಾ ಸಾರ್?"

ಹೊಗಳಿಕೆಯೇ ಕುತ್ತಿಗೆಗೆ ಉರುಳಾಯಿತು. ಮೇಷ್ಟ್ರು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಮೇಲೆ ಹತ್ತಿ, "ಅಣ್ಣಾ, ನೀವಿಬ್ರೂ ಕೆಳಗಿರಿ. ನಾನು ಇಲ್ಲಿಗೆ ಬರ್ತೀನಿ" ಎಂದರು.

ಅಣ್ಣ ಎರಡು ವರ್ಷದ ಮೇಲೆ ಬಾಯಿ ಬಿಟ್ಟರು. "ನಿನ್ನ ದೊಡ್ಡ ಕ್ಯಾನ್ವಾಸು?"

"ಈ ಮೆಟ್ಟಿಲಲ್ಲಿ ಹಿಡಿಯಲ್ಲ. ಬಿಡಿ."

ಅತ್ತಿಗೆ ಕೂತುಕೊಂಡೇ, ಮೆಟ್ಟಿಲಿಗೊಂದು ಶಾಪ ಹಾಕುತ್ತ ಇಳಿದರು. ಕೆಳಗೆ ಮುಟ್ಟಿದವರೇ ಹೊಸಿಲ ಬಳಿ ಕುರ್ಚಿ ಹಾಕಿಸಿಕೊಂಡು, ದಾರಿಹೋಕರನ್ನೆಲ್ಲ ನಿಲ್ಲಿಸಿ ಊರ ಸುದ್ದಿ ಕೇಳತೊಡಗಿದರು. ಸಂಜೆಯಾದರೂ ಒಳಗೆ ಬರಲಿಲ್ಲ.

ಮೇಲಿನ ಕೋಣೆಯಲ್ಲಿ ಮೇಷ್ಟ್ರು ನೆಟ್ಟಗೆ ನಿಂತರೆ ತಲೆಗೆ ತೊಲೆ ತಾಗುತ್ತದೆ. ಇರುವುದೊಂದೇ ಕಿಟಕಿ, ಅದರಾಚೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಅಂಗಡಿಯ ಗಾಜಿನ ಗೋಡೆ. ಅದನ್ನೇ ಬರೆಯಲು ಮೂರು ಸಲ ಕೂತರು, ಮೂರು ಸಲವೂ ಎದ್ದರು. ಅವರ ಎಡಮಂಡಿಯೂ ಈಚೆಗೆ ಕಟಕಟ ಅನ್ನುತ್ತಿದೆ. ಅದನ್ನು ಕೆಳಗಿನವರಿಗೆ ಹೇಳಿಲ್ಲ. ಕೆಳಗಿಂದ ಅತ್ತಿಗೆಯ ನಗು ಕೇಳಿದಾಗ ಕುಂಚ ತೊಳೆಯುತ್ತಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ.