ಅಜ್ಜನ ದಂಡಿನ ಕಾಗದದಲ್ಲಿದ್ದ ಹೆಸರು

ನಮ್ಮ ಅಜ್ಜ ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸರಾಕ್ಕೆ ಹೋಗಿ ಬಂದವನು. ಹುಕ್ಕೇರಿಯ ನಮ್ಮ ಓಣಿಯಲ್ಲಿ ಇದನ್ನು ನಂಬಿದವರು ಅರ್ಧ ಜನ. ಉಳಿದವರು, ಅವನು ಬೆಳಗಾವಿ ದಾಟಿಯೇ ಇಲ್ಲ, ಅಲ್ಲೇ ಎಲ್ಲೋ ಚಹಾ ಕುಡಿಯುತ್ತ ಕೂತು ಯುದ್ಧ ಮುಗಿದ ಮೇಲೆ ಎದ್ದು ಬಂದ ಎನ್ನುತ್ತಿದ್ದರು. ತಪ್ಪು ಅಜ್ಜನದೇ. ಅವನ ಕಥೆಯಲ್ಲಿ ಬಂದೂಕು ಸಲಕ್ಕೊಂದು ಉದ್ದ ಇರುತ್ತಿತ್ತು. ಎದುರಿಗೆ ಬಂದ ತುರ್ಕರು ಒಮ್ಮೆ ಇಪ್ಪತ್ತು, ಇನ್ನೊಮ್ಮೆ ಇನ್ನೂರು.

ಸಾಕ್ಷಿಗೆ ಇದ್ದದ್ದು ಒಂದೇ ಕಾಗದ, ದಂಡಿನಿಂದ ಬಿಡುಗಡೆಯಾದಾಗ ಕೊಟ್ಟದ್ದು. ಅಜ್ಜಿ ಅದನ್ನು ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಕಟ್ಟಿದಳು. ಓದು ಬಾರದವಳಿಗೆ ಗಟ್ಟಿ ಕಾಗದ ಎಂದರೆ ಗಟ್ಟಿ ಕಾಗದ, ಅಷ್ಟೇ. ಮಳೆಗಾಲ ಮುಗಿಯುವಷ್ಟರಲ್ಲಿ ಸರಕಾರದ ಮುದ್ರೆಯೂ ಅಜ್ಜನ ಶೌರ್ಯವೂ ಎಣ್ಣೆ ಕುಡಿದು ಬೂಸ್ಟು ಹಿಡಿದವು. ಅಜ್ಜ ಬೈಯಲಿಲ್ಲ. “ಇನ್ನ ಮ್ಯಾಲ ನನ್ನ ಸಾಕ್ಷಿ ನೀನ ನೋಡು” ಎಂದನಂತೆ. ಬೈದಿದ್ದರೆ ಅವಳು ಎಂದೋ ಮರೆಯುತ್ತಿದ್ದಳು.

ಅಜ್ಜ ತೀರಿಕೊಂಡ. ಎರಡನೆಯ ಯುದ್ಧ ಬಂತು. ಓಣಿಯ ಹುಡುಗರು ದಂಡಿಗೆ ಸೇರತೊಡಗಿದಾಗ, ‘ಇವರಾದರೂ ಖರೇ ಯುದ್ಧಕ್ಕೆ ಹೋಗುತ್ತಾರೆ’ ಎಂದು ಯಾರೋ ನಕ್ಕರು. ಅಜ್ಜಿ ಅದನ್ನು ಕೇಳಿಸಿಕೊಂಡಳು. ನಾನಾಗ ಮೂಡಲಗಿಯಲ್ಲಿ ಶಾಲಾ ಮಾಸ್ತರ. ರಜೆಗೆ ಬಂದವನಿಗೆ ತಾಟು ಇಡುವ ಮೊದಲೇ ಶುರು ಮಾಡಿದಳು.

“ಸಾಲಿ ಮಾಸ್ತರ ಆಗಿ ಏನ್ ಮಾಡಿದಿ? ನಿಮ್ಮಜ್ಜನ ಒಂದು ಕಾಗದ ತರಸಾಕ ಆಗೂದಿಲ್ಲೇನ ನಿನಗ?”

“ಭರಣಿಗೆ ಕಟ್ಟಾಕೇನ?” ಎಂದೆ. ಆ ದಿನ ನನ್ನ ರೊಟ್ಟಿಗೆ ಬೆಣ್ಣೆ ಬೀಳಲಿಲ್ಲ.

ಗೋಕಾಕದಲ್ಲಿ ಪೆನ್ಶನ್ ಪಡೆಯುವ ಹವಾಲ್ದಾರನೊಬ್ಬ ಸಿಪಾಯಿಗಳ ಮನೆಯವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ. ಅವನ ಕೈಯಿಂದ ದಂಡಿನ ಕಚೇರಿಗೆ ಬರೆಸಿದೆ: ಅಜ್ಜನ ಹೆಸರು, ಅವನ ಅಪ್ಪನ ಹೆಸರು, ಊರು, ಹೆಂಡತಿಯ ಹೆಸರು. ತಿಂಗಳುಗಟ್ಟಲೆ ಉತ್ತರವಿಲ್ಲ. ಕೊನೆಗೆ ಬಂದಿದೆ ಎಂದು ಹವಾಲ್ದಾರ ಹೇಳಿ ಕಳಿಸಿದ. ಹೋದೆ. ಅವನು ಕನ್ನಡಕ ಇಳಿಸಿ ನನ್ನನ್ನೇ ನೋಡಿದ.

“ನಿಮ್ಮ ಅಜ್ಜಾರು ಬಸರಾಕ್ಕ ಹೋಗಿದ್ದು ಖರೆ ಐತ್ರಿ ಮಾಸ್ತರ. ಆದ್ರ ಬಂದೂಕು ಹಿಡದಿಲ್ಲ. ಹೇಸರಗತ್ತಿ ಹೊಡಕೊಂಡು ಹೋಗೂ ಕೆಲಸ.”

ನನಗೆ ನಗು ಬಂತು. ಅವನು ನಗಲಿಲ್ಲ.

“ಹೇಂತಿ ಹೆಸರು ಬ್ಯಾರೆ ಐತಿ. ನೀವು ಬರಿಸಿದ್ದು ಒಂದು, ಅವರು ದಂಡಿಗೆ ಸೇರೂಮುಂದ ಬರಿಸಿದ್ದು ಒಂದು. ಈಕಿ ಯಾರು ಅಂತ ತಿಳಿಸಿದ್ರ ನಕಲು ಕಳಸ್ತೀವಿ ಅಂದಾರ.”

ಬರೆದಿದ್ದ ಹೆಸರು ಅಪ್ಪಟ ನಮ್ಮ ಕಡೆಯದು. ಆ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಗೋಕಾಕದಿಂದ ಹುಕ್ಕೇರಿಗೆ ಮೋಟರಿನಲ್ಲಿ ಕೂತವನು ಹಳೆಯದನ್ನೆಲ್ಲ ಜೋಡಿಸತೊಡಗಿದೆ. ದಂಡಿಗೆ ಸೇರುವ ಮೊದಲು ಅಜ್ಜ ಎರಡು ವರ್ಷ ಗೋಕಾಕದ ಗಿರಣಿಯಲ್ಲಿ ದುಡಿದಿದ್ದ, ಒಬ್ಬನೇ. ಅಜ್ಜಿ ಹುಕ್ಕೇರಿಯಲ್ಲಿ ಅತ್ತೆಯ ಕೈಕೆಳಗೆ. “ಗೋಕಾಕದಾಗ ನಿಮಗ ರೊಟ್ಟಿ ಯಾರ ಬಡದ ಹಾಕತಿದ್ರು?” ಎಂದು ಅವಳು ಮುಪ್ಪಿನಲ್ಲೂ ಕೆಣಕುತ್ತಿದ್ದಳು. ಅಜ್ಜ ಮೀಸೆಯಲ್ಲೇ ನಗುತ್ತಿದ್ದ. ಆ ನಗುವಿಗೆ ಈಗ ಅರ್ಥ ಸಿಕ್ಕಿತು ಅನ್ನಿಸಿ, ದಾರಿಯುದ್ದಕ್ಕೂ ಸತ್ತವನನ್ನು ಮನಸ್ಸಿನಲ್ಲೇ ಬೈದೆ. ಈ ವಯಸ್ಸಿನಲ್ಲಿ ಅವಳಿಗೆ ಸವತಿಯೊಬ್ಬಳನ್ನು ಒಯ್ದು ಕೊಡುವುದು ಹೇಗೆ?

ಹೇಳುವುದೇ ಬೇಡ ಎಂದುಕೊಂಡು ಮನೆ ಹೊಕ್ಕೆ. ಹೇಸರಗತ್ತೆಯ ಸುದ್ದಿ ಮೊದಲು ಬಿಟ್ಟೆ.

“ಅದು ನನಗ ಎಂದೋ ಗೊತ್ತಿತ್ತು” ಎಂದಳು ಅಜ್ಜಿ. “ಬಂದೂಕು ಹಿಡದಾಂವ ಎತ್ತಿನ ಕಿವಿ ಅಷ್ಟು ಚಲೋ ತುರಸ್ತಾನೇನ? ಮುಂದ ಹೇಳು. ಏನೋ ನುಂಗಾಕತ್ತಿ ನೀ.”

ಮಾಸ್ತರಿಕೆ ಮಾಡುವವನಿಗೆ ಸುಳ್ಳು ಹಿಡಿಯುವುದು ಗೊತ್ತಿರುತ್ತದೆ, ಹೇಳುವುದು ಬರುವುದಿಲ್ಲ. “ಹೇಂತಿ ಅಂತ ಬ್ಯಾರೆ ಯಾರದೋ ಹೆಸರು ಬರಿಸ್ಯಾನ” ಎಂದು ಆ ಹೆಸರನ್ನೂ ಹೇಳಿಬಿಟ್ಟೆ.

ಅಜ್ಜಿ ಜೋಳ ಕೇರುತ್ತಿದ್ದಳು. ಮೊರ ನಿಂತಿತು.

“ಇನ್ನೊಮ್ಮೆ ಹೇಳು.”

ಹೇಳಿದೆ.

“ಅದು ನಂದ” ಎಂದಳು.

ನಮ್ಮ ಕಡೆ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ; ತವರಿನ ಹೆಸರು ಹಂದರದಲ್ಲೇ ಉಳಿಯುತ್ತದೆ. ಅಜ್ಜಿಗೆ ಆಗ ಒಂಬತ್ತು ವರ್ಷ. ಹೊಸ ಹೆಸರು ಅವಳ ಅತ್ತೆ ಆರಿಸಿದ್ದು. ತವರೂರು ಯಮಕನಮರಡಿಯಲ್ಲಿ ಅವಳನ್ನು ಹಳೆಯ ಹೆಸರಿನಿಂದ ಕರೆದವರೆಲ್ಲ ಒಬ್ಬೊಬ್ಬರಾಗಿ ಹೋಗಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ಅಪ್ಪನಿಗೂ ಅದು ಗೊತ್ತಿರಲಿಲ್ಲ. ಗಂಡನಂತೂ ಹೆಂಡತಿಯ ಹೆಸರು ಹಿಡಿಯುವ ಹಾಗೇ ಇಲ್ಲ. ಅಜ್ಜ ಜೀವಮಾನವೆಲ್ಲ ಅವಳನ್ನು ಕರೆದದ್ದು ‘ಕೇಳಿದೇನ’ ಎಂದೇ.

ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಲು ಜಾಣತನ ತೋರಿಸಿದೆ. ಹೆಂಡತಿಯ ಹೆಸರು ಹೇಳಬಾರದು, ಸರಕಾರಕ್ಕೆ ಹೇಳದೆ ಬಿಡುವ ಹಾಗಿಲ್ಲ. ಅದಕ್ಕೇ ಅಜ್ಜ ಯಾರೂ ಬಳಸದ ಹಳೆಯ ಹೆಸರು ಕೊಟ್ಟು ಎರಡೂ ಕಡೆ ಪಾರಾದ ಎಂದೆ.

“ಪಾರಾಗ್ಲಿ ಬಿಡು” ಎಂದಳು ಅಜ್ಜಿ. “ಹಂದರದಾಗ ಒಮ್ಮೆ ಕೇಳಿದ್ದು. ನೆನಪ ಇಟ್ಟಿದ್ರಲ್ಲ.” ಸೆರಗಿನಿಂದ ಕಣ್ಣು ಒರೆಸಿಕೊಂಡು, ಜೋಳದ ಧೂಳಿನ ಮೇಲೆ ತಪ್ಪು ಹೊರಿಸಿದಳು.

ಎರಡು ಹೆಸರೂ ಒಬ್ಬಳದೇ ಎಂದು ಬರೆಸಿ ಕಳಿಸಿದೆ. ನಕಲು ಬಂತು. ಓಣಿಯವರಿಗೆ ತೋರಿಸಲು ಒಯ್ಯುತ್ತಾಳೆ ಎಂದುಕೊಂಡರೆ ಅವಳು ಬಸರಾದ ಮಾತೇ ಎತ್ತಲಿಲ್ಲ. ತನ್ನ ಹೆಸರು ಎಲ್ಲಿದೆ ಎಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡಳು. ಅಲ್ಲಿ ತನ್ನ ಬೆರಳನ್ನೂ ಇಟ್ಟು ನೋಡಿದಳು. ಆಮೇಲೆ ಕಾಗದವನ್ನು ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟಳು.

ಮರುದಿನ ಅವಳು ಹಿತ್ತಲಿನಲ್ಲಿ ನೀರು ಸೇದುತ್ತಿದ್ದಾಗ, ನಾನು ಬಾಗಿಲ ಮರೆಯಲ್ಲಿ ನಿಂತು ಆ ಹೆಸರು ಹಿಡಿದು ಜೋರಾಗಿ ಕರೆದೆ.

“ಓ! ಬಂದೆ…” ಎಂದಳು, ಹಗ್ಗ ಕೈಬಿಟ್ಟು.

ಆಮೇಲೆ ನಾನೆಂದು ತಿಳಿದು ಬೈಯತೊಡಗಿದಳು. ಕೊಡ ಬಾವಿಯೊಳಗೆ ಬಿದ್ದಿತ್ತು, ಮಧ್ಯಾಹ್ನದವರೆಗೆ ನಾನೇ ಅದನ್ನು ತೆಗೆಯಬೇಕಾಯಿತು.