ಸೂತಕವಿಲ್ಲದ ಸಾವು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮಲ್ಲೇಶ್ವರದ ನಮ್ಮ ಬೀದಿಯ ಯಾವುದಾದರೂ ಮನೆಯಿಂದ ನೆನೆದ ದರ್ಭೆಯ ಹಸಿ ವಾಸನೆ ತೇಲಿಬಂದರೆ, ಚಾಮರಾಜಪೇಟೆಯ ನನ್ನ ತವರುಮನೆಯ ಹಿತ್ತಲು ಎದುರಿಗೆ ಬಂದು ನಿಲ್ಲುತ್ತದೆ. ಬಾವಿಕಟ್ಟೆಯ ಪಕ್ಕದ ಚಪ್ಪಡಿಯ ಮೇಲೆ ಅಪ್ಪನೂ ಶೀನುವೂ ಅಕ್ಕಪಕ್ಕ ಕುಳಿತು ತರ್ಪಣ ಬಿಡುತ್ತಿದ್ದರು. ಅಪ್ಪ ತಮ್ಮ ಪಿತೃಗಳಿಗೆ, ಶೀನು ತನ್ನವರಿಗೆ. ಗೋತ್ರಗಳು ಬೇರೆ, ಎಳ್ಳು ಬೆರೆತ ನೀರು ಮಾತ್ರ ಕೂಡಿಕೊಂಡು ಒಂದೇ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಅಮ್ಮ ಅದನ್ನೇ ನೋಡುತ್ತಿದ್ದಳು.

ಶೀನು ಅಪ್ಪನ ಸಹಪಾಠಿಯ ಮಗ. ಒಂದೇ ಗುರುಗಳ ಬಳಿ ತರ್ಕ ಓದಿದ ಆ ಗೆಳೆಯರೂ ಅವರ ಪತ್ನಿಯೂ ಜ್ವರದಲ್ಲಿ ತೀರಿಕೊಂಡಾಗ, ಅಪ್ಪ ಮಗುವನ್ನು ಹೆಗಲ ಮೇಲೆ ಹೊತ್ತು ತಂದರಂತೆ. ನಾನು ಆಮೇಲೆ ಹುಟ್ಟಿದವಳು. ಅವನಿಲ್ಲದ ಮನೆಯನ್ನು ಕಂಡವಳೇ ಅಲ್ಲ. ಅಮ್ಮನಿಗೆ ಗಂಡುಮಕ್ಕಳಿರಲಿಲ್ಲ. ಶೀನುವಿನ ಉಪನಯನಕ್ಕೆ ಮುಂಚೆ ಅವಳು ಬಾಯಿಬಿಟ್ಟು ಕೇಳಿದಳು: "ನೋಡಿ, ಶಾಸ್ತ್ರೋಕ್ತವಾಗಿ ದತ್ತು ತೊಗೊಂಬಿಡೋಣ."

"ಅವನ ಗೋತ್ರ ಹೋಗುತ್ತೆ ಕಣೇ. ಸತ್ತವನಿಗೆ ನೀರು ಬಿಡೋರೇ ಇಲ್ಲದ ಹಾಗೆ ಮಾಡ್ಲಾ?"

"ಮತ್ತೆ ನನಗೆ ಯಾರು ಬಿಡ್ತಾರೆ?"

ಅಪ್ಪ ಶೀನುವಿಗೆ ಅವನ ಗೋತ್ರದಲ್ಲೇ ಉಪನಯನ ಮಾಡಿಸಿದರು. ಗೆಳೆತನಕ್ಕೆ ಅವರು ನಿಷ್ಠರಾಗಿದ್ದರು. ಆ ನಿಷ್ಠೆಯಲ್ಲಿ ದೋಷ ಹುಡುಕಲು ನನಗೆ ಇಂದಿಗೂ ಮನಸ್ಸಾಗದು.

ಅಮ್ಮ ಸಿನಿಮಾ ನೋಡಿದ್ದೇ ಅಪರೂಪ. ಒಮ್ಮೆ ಶೀನು ನಮ್ಮಿಬ್ಬರನ್ನೂ ಒಂದು ಹಿಂದಿ ಚಿತ್ರಕ್ಕೆ ಕರೆದೊಯ್ದ. ಸಾಕುಮಗನೊಬ್ಬ ಮನೆಯ ಮಾನಕ್ಕಾಗಿ ಎಲ್ಲವನ್ನೂ ಸಹಿಸಿಕೊಳ್ಳುವ, ಕೊನೆಗೆ ತಾಯಿ ಅವನನ್ನು ಊರೆದುರು ಅಪ್ಪಿಕೊಳ್ಳುವ ಕಥೆ. ಹಿಂದಿ ಬಾರದ ಅಮ್ಮನ ಕಿವಿಯಲ್ಲಿ ಶೀನು ಕನ್ನಡದಲ್ಲಿ ಹೇಳುತ್ತಾ ಹೋದ. ಕೊನೆಯ ದೃಶ್ಯಕ್ಕೆ ಹೇಳಬೇಕಾಗಲಿಲ್ಲ. ಮನೆಗೆ ನಡೆದು ಬರುವಾಗಲೂ ಅವಳ ಕಣ್ಣು ಆರಿರಲಿಲ್ಲ.

"ನೋಡಿದ್ಯೇನೋ, ಇವನೇ ನನ್ನ ಮಗ ಅಂತ ಎಲ್ಲರೆದುರಿಗೂ ಅಂದ್ಬಿಟ್ಲು!"

"ಅದು ಸಿನಿಮಾ ಅಮ್ಮಾ. ಅಲ್ಲಿ ಪುರೋಹಿತರು ಬಂದು ಗೋತ್ರ ಕೇಳಲ್ಲ," ಎಂದು ಶೀನು ನಕ್ಕ. "ಸೆರಗೆಲ್ಲ ಒದ್ದೆ ಮಾಡ್ಕೊಂಡಿದೀಯ. ಮುಂದಿನ ಸಿನಿಮಾಕ್ಕೆ ನಿನ್ನನ್ನೇ ಹಾಕ್ಕೋತಾರೆ ನೋಡು."

ಅಮ್ಮ ಅವನ ಬೆನ್ನಿಗೊಂದು ಗುದ್ದಿದಳು.

ಅಪ್ಪ ಹೋದ ಮೇಲೆ, ಮದುವೆಯಾಗಿ ದೂರವಿದ್ದ ನನಗಿಂತ ಹೆಚ್ಚಾಗಿ ಅಮ್ಮನನ್ನು ನೋಡಿಕೊಂಡವನು ಅವನು. ತಾನು ಮದುವೆಯಾಗಲಿಲ್ಲ. ಅವಳಿಗೆ ಗಂಜಿ ಕುಡಿಸುತ್ತಿದ್ದ, ತಲೆ ಬಾಚಿ ಸಣ್ಣ ಗಂಟು ಹಾಕುತ್ತಿದ್ದ. ಅವಳು ತೀರಿಕೊಂಡ ಬೆಳಿಗ್ಗೆ ಪುರೋಹಿತರು ಗೋತ್ರ ಕೇಳಿದರು. ಹಿರಿಯರು ಹನುಮಂತನಗರದಿಂದ ದಾಯಾದಿಯೊಬ್ಬನನ್ನು ಕರೆಸಿದರು. ಅಮ್ಮನ ಮುಖವನ್ನು ಸರಿಯಾಗಿ ಕಂಡವನೂ ಅಲ್ಲ ಅವನು. ಶೀನುವೇ ಮಾಡಲಿ ಎಂದು ನಾನು ಬೇಡಿಕೊಂಡೆ. "ಸಗೋತ್ರದೋರು ಇರೋವಾಗ ಹ್ಯಾಗಮ್ಮ ಆಗುತ್ತೆ?" ಎಂದರು ಅಮ್ಮನ ಅಕ್ಕನ ಗಂಡ ದೊಡ್ಡಪ್ಪ. ಶೀನು ಬಾವಿಯಿಂದ ನೀರು ಸೇದಿ, ಆ ದಾಯಾದಿಯ ಸ್ನಾನಕ್ಕೆ ಕೊಡ ತುಂಬಿಸಿಟ್ಟ.

ಆ ಬಾವಿ ಮುಚ್ಚಿಹೋಗಿದೆ. ಬಾಳೆಯಿದ್ದ ಕಡೆ ಈಗ ಕಾರುಗಳು ನಿಲ್ಲುತ್ತವೆ. ಕಳೆದ ಆಷಾಢದಲ್ಲಿ ಶೀನುವೂ ಹೋದ. ಅಪ್ಪ ಯಾವ ಗೆಳೆಯರಿಗಾಗಿ ಅವನ ಗೋತ್ರವನ್ನು ಕಾಯ್ದಿಟ್ಟರೋ, ಅವರಿಗೂ ಇನ್ನು ನೀರು ಬಿಡುವವರಿಲ್ಲ. ನನಗೆ ಎಷ್ಟು ದಿನ ಸೂತಕವೆಂದು ಪುರೋಹಿತರನ್ನು ಕೇಳಿದೆ.

"ಒಡಹುಟ್ಟಿದೋರಾಗಿದ್ರೆ ಇರ್ತಿತ್ತು. ನಿಮಗೆ ಏನೂ ಇಲ್ಲಮ್ಮ. ಒಂದು ಸ್ನಾನ ಮಾಡಿ, ಸಾಕು."

ಶಾಸ್ತ್ರವನ್ನು ಮೀರಿ ನನಗೆ ಅಭ್ಯಾಸವಿಲ್ಲ. ಸೂತಕವಿದ್ದಿದ್ದರೆ ದೇವರ ಮನೆಯ ಬಾಗಿಲು ಮುಚ್ಚಿ, ಕತ್ತಲಲ್ಲಿ ಸುಮ್ಮನೆ ಕೂರಬಹುದಿತ್ತು. ಸ್ನಾನ ಮಾಡಿದೆ, ಮಡಿಯುಟ್ಟೆ, ದೀಪದ ಮುಂದೆ ಕುಳಿತೆ. ಬತ್ತಿ ಎಂದಿನಂತೆ ಮೊದಲ ಕಡ್ಡಿಗೇ ಹೊತ್ತಿಕೊಂಡಿತು.