ಮೇಯಿಸದೆ ಕಾಯ್ದ ಮಾಳ

ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ ಸವಣೂರು ಬಿಟ್ಟಾಗ ನನಗೆ ಸಿಟ್ಟು ಬಂದಿರಲಿಲ್ಲ. ಕೊಡೆ, ಎರಡು ಸೀರೆ, ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ, ಇಷ್ಟೇ ಸಾಮಾನು. ಸಿಟ್ಟು ಬಂದದ್ದು ಊರು ಮುಟ್ಟಿದ ಮೇಲೆ. ಲಾರಿಗಟ್ಟಲೆ ನೀಲಗಿರಿ ಸಸಿ ಊರೂರಿಗೆ ಬರುತ್ತಿದ್ದ ಎಂಬತ್ತರ ದಶಕದ ಮಾತಿದು.

ದುಂಡಸಿಯಾಚೆಯ ಒಂದು ಹಳ್ಳಿಯಿಂದ ನಿಂಗಪ್ಪ ಹೇಳಿ ಕಳಿಸಿದ್ದ: ಅರಣ್ಯ ಇಲಾಖೆಯವರು ಮಾಳಕ್ಕೆ ನೀಲಗಿರಿ ಹಚ್ಚುತ್ತಾರೆ, ಅಕ್ಕಾರು ಒಮ್ಮೆ ಬಂದು ಹೋಗಲಿ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಹುಲ್ಲು ತೋರಿಸಲು ಪ್ರತಿವರ್ಷ ಹುಡುಗಿಯರನ್ನು ಕಟ್ಟಿಕೊಂಡು ಆ ಮಾಳಕ್ಕೆ ಹೋಗುತ್ತಿದ್ದೆ. ನಿಂಗಪ್ಪ ಅದರ ಕಾವಲುಗಾರ, ಅವನಪ್ಪನೂ ಅದನ್ನೇ ಮಾಡಿದವನು. ಮೊದಲ ಮಳೆ ಬಿತ್ತೆಂದರೆ ಮಾಳ ಕಟ್ಟು. ದೀಪಾವಳಿ ಕಳೆದು ಹುಲ್ಲು ಬೀಜ ಉದುರಿಸುವವರೆಗೆ ಒಂದು ಕರುವೂ ಒಳಗೆ ಕಾಲಿಡುವಂತಿಲ್ಲ. ಆಮೇಲೆ ಮನೆಗೊಬ್ಬರು ಕುಡಗೋಲು ಹಿಡಿದು ಬಂದು ಕೊಯ್ಯುತ್ತಾರೆ. ನಡುವಿನ ಒಂದು ಪಟ್ಟಿಯನ್ನು ಮಾತ್ರ ಹಾಗೇ ಬಿಡುತ್ತಾರೆ. ಅದು ಹಕ್ಕಿ ಪಾಲು. ಊರಿನ ಎತ್ತುಗಳು ಬೇಸಿಗೆ ದಾಟುವುದು ಈ ಹುಲ್ಲಿನ ಬಣವೆಯ ಮೇಲೆ.

ಬಂಕಾಪುರದಲ್ಲಿ ಬಸ್ಸು ಬದಲಿಸಬೇಕಾಯಿತು. ಜಿಟಿಜಿಟಿ ಮಳೆ, ಚಹಾದಂಗಡಿಯಲ್ಲಿ ಬಿಸಿ ಮಿರ್ಚಿ. ಕೋಟೆಯ ಕಡೆಯಿಂದ ನವಿಲಿನ ಕೂಗು ಕೇಳುತ್ತಿತ್ತು. ಅಲ್ಲಿ ದನಕ್ಕೆ ಮೇವು ಬೆಳೆಯುತ್ತಾರೆ, ಆ ಬಯಲಲ್ಲೇ ನವಿಲು ಕಾಳು ಹೆಕ್ಕುತ್ತವೆ. ಹುಲ್ಲಿದ್ದಲ್ಲಿ ಜೀವ ಇರುತ್ತದೆ ಎನ್ನುವುದಕ್ಕೆ ಇನ್ನೇನು ಬೇಕು? ಅಂಗಡಿಯವನಿಗೆ ಅದನ್ನೇ ಹೇಳಿದೆ. ಅವನು ಹೌದ್ರಿ ಎಂದು ಇನ್ನೊಂದು ಮಿರ್ಚಿ ಹಾಕಿದ.

ಶಿಗ್ಗಾಂವಿಯಿಂದ ದುಂಡಸಿ ಬಸ್ಸು ಹಿಡಿದು, ಇಳಿದು ಕೆಸರಲ್ಲಿ ನಡೆದು ಊರು ಮುಟ್ಟುವಾಗ ಮಧ್ಯಾಹ್ನ. ಮೊಣಕಾಲುದ್ದ ಹುಲ್ಲಿನ ನಡುವೆ ಸಾಲುಸಾಲು ಗುಂಡಿ ತೋಡಿದ್ದರು. ಮಾಳದ ಅಂಚಿನಲ್ಲಿ ಆಕಳು ಕರು ಕೆತ್ತಿದ ಹಳೆಯ ಕಲ್ಲೊಂದಿದೆ. ಈ ನೆಲ ದನದ ಹುಲ್ಲಿಗೆ ಬಿಟ್ಟದ್ದೆಂದು ಅದರ ಮೇಲೆ ಬರೆದಿದೆ. ನಮ್ಮ ತಂದೆ ಹಳೆಗನ್ನಡ ಬಲ್ಲವರು, ಒಮ್ಮೆ ಬಂದು ನನಗೆ ಓದಿ ಹೇಳಿದ್ದರು. ಯಾರೋ ಆ ಕಲ್ಲಿಗೆ ಸಲಿಕೆ ಒರಗಿಸಿದ್ದರು. ಅದನ್ನು ಎತ್ತಿ ಬಿಸಾಕಿದೆ.

ನಿಂಗಪ್ಪ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ಗಂಗವ್ವನೇ ಬಾಯಿ ಬಿಟ್ಟಳು. "ಹ್ವಾದ ವರ್ಷ ಮಳಿಗಾಲದಾಗ ಫಾರೆಸ್ಟ್ ಸಾಹೇಬ್ರು ಬಂದಿದ್ರ್ರಿ ಅಕ್ಕಾರ. ಇಲ್ಲಿ ದನಾ ಮೇಯಸ್ತೀರೇನು ಅಂತ ಕೇಳಿದ್ರು. ಇಂವ ಎದಿ ಸೆಟಿಸಿ, ಒಂದು ಕರಾನೂ ಬಿಡೂದಿಲ್ರಿ ಅಂದ."

"ನಮ್ಮೂರಾಗ ಯಾರೂ ಕಟ್ಟು ಮುರಿಯೂದಿಲ್ಲ ಅಂತ ಹೇಳಿದ್ನಿರಿ," ಎಂದ ನಿಂಗಪ್ಪ. "ನೀಲಗಿರಿ ಸುದ್ದಿ ಬಂದು ಮೂರು ತಿಂಗಳಾತು, ಊರ ಮಂದಿ ನನ್ನ ಕೂಡ ಮಾತ ಬಿಟ್ಟಾರ."

ನನ್ನ ಸಿಟ್ಟು ನೆತ್ತಿಗೇರಿದ್ದು ಆಗ. ನಿಯಮ ಪಾಲಿಸಿದ್ದೇ ಇವರ ತಪ್ಪಾಯಿತಲ್ಲ! ಮೇಯಿಸದ ನೆಲ ಪಾಳು ನೆಲವಂತೆ, ಪಾಳು ನೆಲಕ್ಕೆ ನೀಲಗಿರಿಯಂತೆ. ಸಾಹೇಬರು ಹಾನಗಲ್ಲಿನಲ್ಲಿ ಕ್ಯಾಂಪ್ ಇದ್ದಾರೆಂದು ತಿಳಿದು ಬುಧವಾರ ಬೆಳಿಗ್ಗೆ ನಿಂಗಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೊರಟೆ.

ಹಾನಗಲ್ ಹತ್ತಿರವಾದಂತೆ ನಾಟಿ ಮುಗಿದ ಗದ್ದೆಗಳು. ಸಾಹೇಬರು ಒಳ್ಳೆಯ ಮನುಷ್ಯರೇ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಿಂಗಪ್ಪ ಬಾಗಿಲಲ್ಲೇ ನಿಂತ.

"ಅದು ಪಾಳು ಜಮೀನ್ರಿ ಮೇಡಂ. ಒಂದು ಗಿಡ ಇಲ್ಲ, ಒಂದು ದನ ಇಲ್ಲ. ಇವರ ಬಾಯಿಲೇ ಹೇಳ್ಯಾರಲ್ಲ."

"ಕಟ್ಟು ಇರೂ ಕಾಲದಾಗ ಹೋಗಿ ದನಾ ಎಲ್ಲಿ ಅಂದ್ರ ಹೆಂಗ್ರಿ?" ಎಂದೆ. ಕಲ್ಲಿನ ಮಾತು ಹೇಳಿದೆ, ಹಕ್ಕಿ ಪಾಲಿನಿಂದ ಬೀಜ ಹೇಗೆ ಉಳಿಯುತ್ತದೆಂದು ಬಿಡಿಸಿ ಹೇಳಿದೆ. ಪಾಠ ಕೇಳುವ ಹುಡುಗರ ಹಾಗೆ ತಲೆಯಾಡಿಸಿದರು.

"ಕಲ್ಲು ಗಿಲ್ಲು ನನಗ ತಿಳಿಯೂದಿಲ್ರಿ. ಶುಕ್ರವಾರ ಸಸಿ ತಗೊಂಡು ಬರ್ತೇನಿ. ದನ ಮೇಯೂದು ಕಂಡ್ರ ಗೋಮಾಳ ಅಂತ ಬಿಟ್ಟಬಿಡ್ತೇನಿ. ಅಷ್ಟರಾಗ ಹಿರೇಕೆರೂರ ಕಡೆ ಹೋಗಿ ನಾವು ಮಾಡಿದ ಹಸರು ನೋಡ್ರಿ."

ನೋಡೇ ಬಿಡೋಣ ಎಂದು ಗುರುವಾರ ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೋದೆವು. ನೀಲಗಿರಿ ತೋಪಿನಲ್ಲಿ ಹಸಿರೇನೋ ಇತ್ತು, ತಲೆಯ ಮೇಲೆ. ಕೆಳಗೆ ಸೊಪ್ಪು ಬಿದ್ದು ನೆಲ ಬೋಳಾಗಿತ್ತು. ಶ್ರಾವಣದಲ್ಲೂ ಅಲ್ಲೊಂದು ಹುಲ್ಲಿನ ಕಡ್ಡಿ ಇರಲಿಲ್ಲ. ಉದುರಿದ ಸೊಪ್ಪು ಗುಡಿಸುತ್ತಿದ್ದ ಹೆಂಗಸೊಬ್ಬಳು, "ಆಡೂ ಬಾಯಿ ಹಚ್ಚೂದಿಲ್ರಿ ಇದಕ್ಕ, ಒಲಿಗಷ್ಟ," ಎಂದಳು. ನಿಂಗಪ್ಪ ಕೂತು ಮಣ್ಣು ಕೆದರಿ ನೋಡಿದ. ಸಂಜೆ ಊರು ಮುಟ್ಟಿ ಸಾಹೇಬರ ಮಾತನ್ನು ಊರ ಹಿರಿಯರಿಗೆ ತಿಳಿಸಿದೆವು. ಅವರು ಕೂಡಿದಾಗ ನಿಂಗಪ್ಪ, "ಕಟ್ಟು ನಾನ ಬಿಚ್ಚತೇನಿ, ಪಾಪ ನನಗಿರಲಿ," ಎಂದ.

ಶುಕ್ರವಾರ ಮುಂಜಾನೆ ಅವನೇ ಮಾಳದ ಬಾಗಿಲಿಗೆ ಕಟ್ಟಿದ ಮುಳ್ಳಿನ ಪಡಕು ಎಳೆದು ಹಾಕಿದ. ಊರಿನ ದನವೆಲ್ಲ ಒಳನುಗ್ಗಿತು. ಇನ್ನೂ ತೆನೆಯೊಡೆಯದ ಹುಲ್ಲು ಕಾಲಡಿಗೆ ಹೋಯಿತು. ಹಕ್ಕಿ ಪಾಲಿನಿಂದ ನೆಲದ ಮೇಲೆ ಗೂಡು ಮಾಡುವ ಬುರ್ಲಿ ಹಕ್ಕಿಗಳು ಪುರ್ರನೆ ಎದ್ದವು, ಮತ್ತೆ ಇಳಿಯಲು ಜಾಗ ಕಾಣದೆ ಸುತ್ತು ಹೊಡೆದವು. ಎತ್ತಿನ ಗೊರಸಿನ ಗುರುತಿನಲ್ಲಿ ಒಡೆದ ಮೊಟ್ಟೆಗಳನ್ನು ನಾನೇ ಕಂಡೆ. ಎಷ್ಟು ಕಾಲದಿಂದ ಕಾಯ್ದದ್ದೋ, ಒಂದು ಜೀಪಿಗೆ ತೋರಿಸುವ ಸಲುವಾಗಿ ಕೆಡಿಸಬೇಕಾಯಿತು.

ಜೀಪು ಬಂತು. ಸಾಹೇಬರು ದನ ನೋಡಿ ಖುಷಿಯಾದರು.

"ಈಗ ಗೋಮಾಳ ಕಂಡಂಗ ಕಾಣ್ತದ ನೋಡ್ರಿ. ಮೊದಲ ಹಿಂಗ ಬಳಸಿದ್ರ ತಕರಾರ ಬರ್ತಿದ್ದಿಲ್ಲ. ವರ್ಷಾ ಬಂದು ನೋಡ್ತೇನಿ, ಹಿಂಗ ಇರಬೇಕು."

ಸಸಿಯ ಲಾರಿ ಮುಂದಿನ ಊರಿಗೆ ಹೋಯಿತು. ಮಾಳ ಉಳಿಯಿತೆಂದು ಜನ ನಕ್ಕರು, ನಿಂಗಪ್ಪನ ಬೆನ್ನು ತಟ್ಟಿದರು. ಮೂರು ತಿಂಗಳ ನಂತರ ಮಾತಾಡಿಸಿದ್ದು ಅವರೇ. ಅವನು ನಗಲಿಲ್ಲ.

"ಬರೂ ವರ್ಷ ದನಾ ಬಿಡಬ್ಯಾಡ್ರಿ ಅಂತ ಮಂದಿಗೆ ಯಾವ ಬಾಯಿಲೆ ಅನ್ಲಿ ಅಕ್ಕಾರ?"

ಕೆಸರಲ್ಲಿ ನಡೆದು ರಸ್ತೆಗೆ ಬಂದು ಮಧ್ಯಾಹ್ನದ ಬಸ್ಸಿಗೆ ಕೈ ಮಾಡಿ ಹತ್ತಿದೆ. ಮಾಳ ಕಾಣುವ ತಿರುವಿನಲ್ಲಿ ಕಿಟಕಿಯಿಂದ ಹಿಂದೆ ನೋಡಿದರೆ ನಿಂಗಪ್ಪ ಮುಳ್ಳಿನ ಪಡಕನ್ನು ಮತ್ತೆ ಮೊದಲಿನ ಹಾಗೆ ಬಿಗಿದು ಕಟ್ಟುತ್ತಿದ್ದ. ದನ ಎಲ್ಲ ಒಳಗೇ ಇದ್ದವು.